ಕೈಕೆಲಸವನ್ನು ಪ್ರಾರ್ಥನೆಯಾಗಿಸಿದ ಸಂತ ಫ್ರಾನ್ಸಿಸರು

ಡಿಸೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಸಡಗರ. ಮಕ್ಕಳು ತಟ್ಟೆಯಲ್ಲಿ ರಾಗಿ ಬಿತ್ತಿ ದಿನವೂ ನೀರು ಚಿಮುಕಿಸುತ್ತಾರೆ. ಗೋದಲಿಗೆ ಹಸಿರು ಬೇಕಲ್ಲವೆ? ಅಟ್ಟದ ಮೇಲಿನ ಬೊಂಬೆಗಳ ಪೆಟ್ಟಿಗೆ ಕೆಳಗಿಳಿಯುತ್ತದೆ. ಅಡುಗೆಮನೆಯಲ್ಲಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿಗಳ ಘಮ. ಮಂಗಳೂರಿನ ಕಡೆಯಾದರೆ ಕುಸ್ವಾರಿನ ಸಿದ್ಧತೆ. ಗೋದಲಿಯ ಪದ್ಧತಿ ಮನೆಮನೆಗೆ ಹರಡಲು ಪ್ರೇರಣೆಯಾದವರು ಅಸ್ಸಿಸಿಯ ಸಂತ ಫ್ರಾನ್ಸಿಸರು ಎಂಬುದನ್ನು ನಾವೆಲ್ಲ ಬಾಲ್ಯದಿಂದಲೂ ಕೇಳಿದ್ದೇವೆ. ಆದರೆ ಅವರು ಸಿದ್ಧಪಡಿಸಿದ ಗೋದಲಿಯಲ್ಲಿ ಬೊಂಬೆಗಳೇ ಇರಲಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತು? ಕೈಯ ದುಡಿಮೆಯನ್ನು ಪ್ರಾರ್ಥನೆಯೊಂದಿಗೆ ಬೆಸೆದ ಆ ಮಹಾತ್ಮರ ಜೀವನವನ್ನು ಹಬ್ಬದ ಈ ದಿನಗಳಲ್ಲಿ ಸ್ಮರಿಸುವುದು ಉಚಿತವಾಗಿದೆ.

ಫ್ರಾನ್ಸಿಸರು ಸುಮಾರು 1182ರಲ್ಲಿ ಇಟಲಿಯ ಅಸ್ಸಿಸಿ ಪಟ್ಟಣದಲ್ಲಿ ಹುಟ್ಟಿದರು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಶ್ರೀಮಂತ ಬಟ್ಟೆ ವ್ಯಾಪಾರಿ, ತಾಯಿ ಪೀಕಾ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಒಳ್ಳೆಯ ಉಡುಪು, ಗೆಳೆಯರ ಕೂಟ, ಹಾಡು, ಔತಣ ಎಂದು ಯೌವನ ಕಳೆಯಿತು. ವೀರಯೋಧನಾಗುವ ಆಸೆಯಿಂದ 1202ರಲ್ಲಿ ನೆರೆಯ ಪೆರೂಜಾ ಪಟ್ಟಣದ ವಿರುದ್ಧ ಯುದ್ಧಕ್ಕೆ ಹೋಗಿ ಸೆರೆಸಿಕ್ಕರು. ಸುಮಾರು ಒಂದು ವರ್ಷದ ಸೆರೆವಾಸ, ಆಮೇಲಿನ ದೀರ್ಘ ಕಾಯಿಲೆ ಅವರ ಮನಸ್ಸನ್ನು ಬದಲಿಸಿದವು. ಕುಷ್ಠರೋಗಿಗಳನ್ನು ಕಂಡರೆ ಹೇಸುತ್ತಿದ್ದವರು ಅವರನ್ನೇ ಹತ್ತಿರ ಸೇರಿಸಿಕೊಂಡು ಸೇವೆ ಮಾಡತೊಡಗಿದರು.

ಒಮ್ಮೆ ಊರ ಹೊರಗಿನ ಸಂತ ದಾಮಿಯಾನೊ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದಾಗ, ಕುಸಿಯುತ್ತಿರುವ ತಮ್ಮ ಮನೆಯನ್ನು ದುರಸ್ತಿ ಮಾಡುವಂತೆ ಶಿಲುಬೆಯ ಮೇಲಿನ ಪ್ರಭು ಕರೆಯುತ್ತಿರುವುದು ಅವರಿಗೆ ಕೇಳಿಸಿತು. ಫ್ರಾನ್ಸಿಸರು ಇದನ್ನು ಅಕ್ಷರಶಃ ತೆಗೆದುಕೊಂಡರು. ಅದಕ್ಕಾಗಿ ತಂದೆಯ ಬಟ್ಟೆಗಳನ್ನು ಮಾರಿದ್ದು ದೊಡ್ಡ ಜಗಳಕ್ಕೆ ಕಾರಣವಾಯಿತು. 1206ರಲ್ಲಿ ಧರ್ಮಾಧ್ಯಕ್ಷರ ಮುಂದೆ ತೊಟ್ಟ ಬಟ್ಟೆಯನ್ನೂ ತಂದೆಗೆ ಒಪ್ಪಿಸಿ, ಬರಿಗೈಯಲ್ಲಿ ಹೊರನಡೆದರು. ಅಂದಿನಿಂದ ಬೀದಿಯಲ್ಲಿ ಕಲ್ಲು ಬೇಡಿ ತಂದು, ಹೆಗಲ ಮೇಲೆ ಹೊತ್ತು, ಗಾರೆ ಕಲಸಿ ಗೋಡೆ ಕಟ್ಟಿದರು. ಹೀಗೆ ಒಂದಾದ ಮೇಲೊಂದರಂತೆ ಮೂರು ದೇವಾಲಯಗಳನ್ನು ದುರಸ್ತಿ ಮಾಡಿದರು. ಮುಂದೆ ಸಹೋದರರು ಜೊತೆಗೂಡಿದಾಗಲೂ ಎಲ್ಲರೂ ಕೈಯಿಂದ ದುಡಿಯಬೇಕು, ಕೆಲಸ ಬಾರದವರು ಕಲಿಯಬೇಕು ಎಂಬುದು ಅವರ ಇಚ್ಛೆಯಾಗಿತ್ತು. ಸೋಮಾರಿತನ ಆತ್ಮಕ್ಕೆ ಶತ್ರುವೆಂದು ಅವರು ತಿಳಿದಿದ್ದರು.

ಆದರೆ ಕೈಕೆಲಸದಲ್ಲೂ ಒಂದು ಅಪಾಯವಿದೆ ಎಂಬುದು ಅವರ ಅನುಭವಕ್ಕೆ ಬಂತು. ಒಂದು ತಪಸ್ಸುಕಾಲದಲ್ಲಿ ಬಿಡುವಿನ ವೇಳೆ ವ್ಯರ್ಥವಾಗಬಾರದೆಂದು ಅವರು ಒಂದು ಚಿಕ್ಕ ಪಾತ್ರೆಯನ್ನು ತಯಾರಿಸುತ್ತಿದ್ದರು. ಒಂದು ದಿನ ಪ್ರಾರ್ಥನೆಯ ನಡುವೆ ಅವರ ಕಣ್ಣು ಆ ಪಾತ್ರೆಯ ಕಡೆ ಹೊರಳಿತು. ಮನಸ್ಸೂ ಅದರ ಹಿಂದೆಯೇ ಹೋಯಿತು. ಪ್ರಾರ್ಥನೆ ಮುಗಿದ ಕೂಡಲೇ ಅದನ್ನು ಬೆಂಕಿಗೆ ಹಾಕಿದರು. ಪಾತ್ರೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ದೇವರಿಗಾಗಿ ಮಾಡಿದ ಕೆಲಸ ದೇವರನ್ನೇ ಮರೆಸುವಂತಾಗಬಾರದು ಎಂಬುದು ಅವರ ಎಚ್ಚರಿಕೆ.

ಈ ಎಚ್ಚರಿಕೆ ಗ್ರೆಚ್ಚಿಯೊ ಗ್ರಾಮದ ಗೋದಲಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದು 1223ನೇ ಇಸವಿ. ನಾಲ್ಕು ವರ್ಷಗಳ ಹಿಂದೆ ಈಜಿಪ್ಟಿಗೆ ಹೋಗಿ ಸುಲ್ತಾನ ಅಲ್-ಕಾಮಿಲನನ್ನು ಕಂಡು ಬಂದ ಫ್ರಾನ್ಸಿಸರ ದೇಹ ಬಳಲಿತ್ತು. ಪೂರ್ವದೇಶದಲ್ಲಿ ಅಂಟಿದ ಕಣ್ಣಿನ ರೋಗ ಬಾಧಿಸುತ್ತಿತ್ತು. ಹಬ್ಬಕ್ಕೆ ಸುಮಾರು ಹದಿನೈದು ದಿನ ಮೊದಲು ಅವರು ಗ್ರೆಚ್ಚಿಯೊದ ಜಾನ್ ಎಂಬ ಸದ್ಭಕ್ತರನ್ನು ಕರೆಸಿ ತಮ್ಮ ಆಸೆ ತಿಳಿಸಿದರು. ಬೆತ್ಲೆಹೇಮಿನಲ್ಲಿ ಬಾಲಯೇಸು ಪಟ್ಟ ಕಷ್ಟವನ್ನು, ಹುಲ್ಲಿನ ಮೇಲೆ ಮಲಗಿದ ಬಗೆಯನ್ನು ತಮ್ಮ ಕಣ್ಣಾರೆ ಕಾಣಬೇಕೆಂಬುದೇ ಆ ಆಸೆ. ದೃಷ್ಟಿ ಮಸುಕಾಗುತ್ತಿದ್ದವರ ಬಯಕೆ ಇದೆಂಬುದನ್ನು ನೆನೆದರೆ ಮನಸ್ಸು ಕರಗುತ್ತದೆ.

ಜಾನ್ ಹಾಗೆಯೇ ಸಿದ್ಧಪಡಿಸಿದರು. ಒಂದು ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ಸುತ್ತಲಿನ ಜನರು ಮೇಣದ ಬತ್ತಿ, ಪಂಜುಗಳನ್ನು ಹಿಡಿದು ಬೆಟ್ಟ ಹತ್ತಿ ಬಂದರು. ಕಾಡು ಹಾಡಿನಿಂದ ತುಂಬಿತು. ಆ ತೊಟ್ಟಿಯ ಬಳಿಯೇ ಗುರುಗಳು ಬಲಿಪೂಜೆ ಅರ್ಪಿಸಿದರು. ಡೀಕನ್ ಆಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ ಪ್ರಬೋಧನೆ ನೀಡಿದರು. ತೊಟ್ಟಿಯಲ್ಲಿ ಮಲಗಿದ್ದ ಮಗುವನ್ನು ಫ್ರಾನ್ಸಿಸರು ನಿದ್ದೆಯಿಂದ ಎಬ್ಬಿಸಿದಂತೆ ಒಬ್ಬ ಸಜ್ಜನರಿಗೆ ದರ್ಶನವಾಯಿತಂತೆ. ಜನರ ಹೃದಯಗಳಲ್ಲಿ ಮರೆತುಹೋಗಿದ್ದ ಯೇಸು ಅಂದು ಮತ್ತೆ ಎಚ್ಚರಗೊಂಡರು ಎಂದೇ ಅವರ ಚರಿತ್ರೆ ಬರೆದ ಚೆಲಾನೋದ ಥಾಮಸರು ಅದನ್ನು ಅರ್ಥೈಸಿದ್ದಾರೆ. ಬೊಂಬೆಯಿಲ್ಲದ ಆ ತೊಟ್ಟಿಯ ಬಳಿ ಪರಮಪ್ರಸಾದದಲ್ಲಿ ಯೇಸುವೇ ಬಂದಿದ್ದರು.

ಕ್ರಿಸ್ತಜಯಂತಿಯ ದಿನ ಸಿರಿವಂತರು ಬಡವರಿಗೆ ಹೊಟ್ಟೆತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೆ ಹೆಚ್ಚು ಮೇವು ಸಿಗಬೇಕು, ಹಕ್ಕಿಗಳಿಗಾಗಿ ದಾರಿಯಲ್ಲಿ ಕಾಳು ಚೆಲ್ಲಬೇಕು ಎಂಬುದೂ ಅವರ ಆಸೆಯಾಗಿತ್ತು. ತಪಸ್ವಿಯಾದರೂ ಮನೆಯ ತಿನಿಸಿನ ಪ್ರೀತಿಯನ್ನು ಅವರು ಕಡೆಗಣಿಸಲಿಲ್ಲ. 1226ರಲ್ಲಿ ಮರಣಶಯ್ಯೆಯಲ್ಲಿದ್ದಾಗ ರೋಮಿನ ಜಾಕೋಬಾ ಎಂಬ ವಿಧವೆಗೆ ಪತ್ರ ಬರೆಸಿ, ಶವವಸ್ತ್ರಕ್ಕೆ ಬಟ್ಟೆಯನ್ನೂ ತಾವು ರೋಮಿಗೆ ಹೋದಾಗ ಆಕೆ ಮಾಡಿಕೊಡುತ್ತಿದ್ದ ಬಾದಾಮಿಯ ಸಿಹಿಯನ್ನೂ ತರಲು ಕೇಳಿದರು. ಪತ್ರ ಹೊರಡುವ ಮುನ್ನವೇ ಆಕೆ ಬಾಗಿಲಿಗೆ ಬಂದಿದ್ದರು! ಆಕೆ ಮಾಡಿಕೊಟ್ಟ ಸಿಹಿಯನ್ನು ಫ್ರಾನ್ಸಿಸರು ಸ್ವಲ್ಪವೇ ರುಚಿ ನೋಡಲು ಸಾಧ್ಯವಾಯಿತು. ಅಕ್ಟೋಬರ್ 3ರ ಸಂಜೆ ಅವರು ಪ್ರಭುವಿನ ಸನ್ನಿಧಿ ಸೇರಿದರು. 1228ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಅವರ ಹೆಸರನ್ನೇ ಧರಿಸಿದ ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್ 1ರಂದು ಗ್ರೆಚ್ಚಿಯೊಗೆ ಹೋಗಿ, ಮನೆಗಳಲ್ಲಿ ಗೋದಲಿ ಕಟ್ಟುವುದನ್ನು ಉಳಿಸಿಕೊಳ್ಳುವಂತೆ ಪ್ರೇರಿತ ಪತ್ರ ಬರೆದರು.

ಇಂದು ನಮ್ಮ ಗೋದಲಿಗಳಲ್ಲಿ ಬಣ್ಣದ ದೀಪ, ಜಲಪಾತ ಎಲ್ಲವೂ ಇವೆ. ಧರ್ಮಕೇಂದ್ರದ ಗೋದಲಿ ಸ್ಪರ್ಧೆಯಲ್ಲಿ ಬಹುಮಾನವೂ ಬರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಕಟ್ಟುವ ಭರದಲ್ಲಿ ಮನೆಯವರು ಪರಸ್ಪರ ಸಿಡುಕಿದರೆ, ಜಪಸರ ನಿಂತುಹೋದರೆ, ನಮ್ಮ ಗೋದಲಿಯೂ ಬೆಂಕಿಗೆ ಬಿದ್ದ ಆ ಪಾತ್ರೆಯಂತೆಯೇ. ಈ ಸಲ ಆಗಮನಕಾಲದಲ್ಲಿ ತೊಟ್ಟಿಯನ್ನು ಖಾಲಿ ಇಡೋಣ. ಒಂದು ಒಳ್ಳೆಯ ಕೆಲಸ, ಒಂದು ಕ್ಷಮೆ, ಒಂದು ತ್ಯಾಗಕ್ಕೆ ಒಂದೊಂದು ಹುಲ್ಲುಕಡ್ಡಿಯನ್ನು ಮಕ್ಕಳ ಕೈಯಿಂದ ಹಾಕಿಸೋಣ. ಮನೆಯಲ್ಲಿ ಮಾಡಿದ ತಿಂಡಿಯ ಮೊದಲ ತಟ್ಟೆ ಹಬ್ಬವಿಲ್ಲದ ಮನೆಗೆ ಹೋಗಲಿ. ಕ್ರಿಸ್ಮಸ್ ರಾತ್ರಿ ಬಾಲಯೇಸುವನ್ನು ಮಲಗಿಸುವಾಗ ಆ ಹುಲ್ಲು ಮೆತ್ತಗಿರಲಿ.