ರಹೀಂ ಸಾಹೇಬರು

ಬ್ರಿಟಿಷರ ದಂಡು ಬೀಡುಬಿಟ್ಟ ಊರುಗಳಲ್ಲೆಲ್ಲ ಕಾಲ್ಚೆಂಡಾಟವೂ ಬೇರೂರಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಆದಂತೆಯೇ ನಿಜಾಮರ ಸಂಸ್ಥಾನದ ಸಿಕಂದರಾಬಾದಿನಲ್ಲಿಯೂ ಸೈನಿಕರ ಆಟವನ್ನು ದೂರದಿಂದ ನೋಡಿದ ಹುಡುಗರು ಬರಿಗಾಲಿನಲ್ಲಿಯೇ ಅದನ್ನು ಕಲಿತರು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳನ್ನೂ ಒಳಗೊಂಡಿದ್ದ ಆ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ 1909ರ ಆಗಸ್ಟ್ 17ರಂದು ಸೈಯದ್ ಅಬ್ದುಲ್ ರಹೀಂ ಜನಿಸಿದರು.

ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ರಹೀಂ ಶಾಲಾ ಉಪಾಧ್ಯಾಯರಾದರು. ಮುಂದೆ ದೈಹಿಕ ಶಿಕ್ಷಣದಲ್ಲಿಯೂ ವಿಶೇಷ ಶಿಕ್ಷಣ ಪಡೆದರು. ಸ್ಥಳೀಯ ತಂಡಗಳಲ್ಲಿ ಚೆನ್ನಾಗಿಯೇ ಆಡುತ್ತಿದ್ದರಾದರೂ ಆಟಗಾರರಾಗಿ ಅವರ ಕೀರ್ತಿಯು ಹೈದರಾಬಾದಿನ ಎಲ್ಲೆಯನ್ನು ಹೆಚ್ಚಾಗಿ ದಾಟಲಿಲ್ಲ. ಅವರ ನಿಜವಾದ ಪ್ರತಿಭೆಯಿದ್ದುದು ಕಲಿಸುವುದರಲ್ಲಿ.

1943ರಲ್ಲಿ ರಹೀಂ ಹೈದರಾಬಾದಿನ ಕಾಲ್ಚೆಂಡಾಟದ ಸಂಸ್ಥೆಗೆ ಕಾರ್ಯದರ್ಶಿಯಾದರು. ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಒಬ್ಬನೇ ಓಡುವ ಚಪಲ ಆಗಿನ ಹುಡುಗರಲ್ಲಿ ಬಹಳವಾಗಿತ್ತು. ಅದನ್ನು ಬಿಡಿಸಲು ಅವರು ಹಾಗೆ ಓಡುವುದನ್ನೇ ನಿಷೇಧಿಸಿದ ಪಂದ್ಯಗಳನ್ನು ಏರ್ಪಡಿಸಿದರು. ಅಭ್ಯಾಸವಿಲ್ಲದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ಸ್ಪರ್ಧೆಗಳನ್ನೂ ನಡೆಸಿದರು. ಇವು ಹುಡುಗಾಟದಂತೆ ಕಂಡರೂ ಫಲ ಸಣ್ಣದಾಗಿರಲಿಲ್ಲ. ಅವರ ತರಬೇತಿಯ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು.

1950ರಲ್ಲಿ ರಾಷ್ಟ್ರತಂಡದ ಹೊಣೆಯು ಅವರ ಪಾಲಿಗೆ ಬಂದಿತು. ಮರುವರ್ಷ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಮೇವಾಲಾಲರು ಹೊಡೆದ ಏಕೈಕ ಗೋಲಿನಿಂದ ಭಾರತವು ಇರಾನನ್ನು ಸೋಲಿಸಿ ಚಿನ್ನದ ಪದಕ ಪಡೆಯಿತು. ಆದರೆ ಈ ಸಂತೋಷ ಬಹುಕಾಲ ಉಳಿಯಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮವರನ್ನು ಹತ್ತಕ್ಕೆ ಒಂದು ಗೋಲಿನಿಂದ ಮಣಿಸಿತು. ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಭಾರತದ ಹಲವು ಆಟಗಾರರು ಅಂದು ಬೂಟು ತೊಟ್ಟಿರಲಿಲ್ಲ. ಒಣನೆಲದ ಮೇಲೆ ಬರಿಗಾಲು ಚೆಂಡಿನ ಮೇಲೆ ಸೊಗಸಾದ ಹಿಡಿತ ಕೊಡುವುದು ನಿಜವೇ. ಆದರೆ ಬೂಟು ತೊಟ್ಟ ಬಲಶಾಲಿ ಎದುರಾಳಿಗಳ ನಡುವೆ ಅದರಿಂದ ನಿಭಾಯಿಸುವುದು ಕಷ್ಟ. ಇದಾದ ಮೇಲೆ ಬೂಟು ಕಡ್ಡಾಯವಾಯಿತು. ಬರಿಗಾಲಿನ ಆಟದ ಬಗ್ಗೆ ಹೆಮ್ಮೆಪಡುತ್ತಿದ್ದವರಿಗೆ ಇದು ರುಚಿಸದಿದ್ದರೆ ಆಶ್ಚರ್ಯವೇನು?

ನಾಲ್ಕು ವರ್ಷಗಳ ತರುವಾಯ, ಎಂದರೆ 1956ರಲ್ಲಿ, ಮೆಲ್ಬೋರ್ನಿನಲ್ಲಿ ಲೋಕವು ಬೇರೊಂದು ಭಾರತವನ್ನು ಕಂಡಿತು. ಬೆಂಗಳೂರಿನ ಕೆಂಪಯ್ಯನವರೂ ಇದ್ದ ಈ ತಂಡವು ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜರು ಮೂರು ಗೋಲು ಹೊಡೆದರು. ಒಲಿಂಪಿಕ್ಸಿನ ಉಪಾಂತ್ಯಕ್ಕೆ ಏಷ್ಯದ ತಂಡವೊಂದು ತಲುಪಿದುದು ಅದೇ ಮೊದಲು. ಅಲ್ಲಿ ಮತ್ತೆ ಎದುರಾದ ಯುಗೊಸ್ಲಾವಿಯದ ವಿರುದ್ಧ ನಮ್ಮವರೇ ಮೊದಲ ಗೋಲು ಗಳಿಸಿ, ಕಡೆಗೆ 4-1ರಿಂದ ಸೋತರು. ಕಂಚಿನ ಪದಕಕ್ಕಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯವು ಮೂರು ಗೋಲುಗಳಿಂದ ಗೆದ್ದಿತು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೊಡನೆ ಸಮಸಮನಾದುದೇ ನಮ್ಮ ದೊಡ್ಡ ಸಾಧನೆ.

1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ತಂಡವನ್ನು ಸಿದ್ಧಗೊಳಿಸುವ ವೇಳೆಗೆ ರಹೀಮರ ಶ್ವಾಸಕೋಶಕ್ಕೆ ಕ್ಯಾನ್ಸರ್ ರೋಗ ತಗುಲಿತ್ತು. ಆದರೂ ಅವರು ಮೈದಾನವನ್ನು ಬಿಡಲಿಲ್ಲ. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ ಭಾರತವನ್ನು ಎರಡು ಗೋಲುಗಳಿಂದ ಸೋಲಿಸಿತು. ಥಾಯ್ಲೆಂಡನ್ನು ಗೆದ್ದ ಪಂದ್ಯದಲ್ಲಿ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಇಷ್ಟರ ಮೇಲೆ, ಇಸ್ರೇಲ್ ಮತ್ತು ತೈವಾನುಗಳನ್ನು ಕೂಟದಿಂದ ಹೊರಗಿರಿಸಿದುದನ್ನು ಭಾರತದ ಕ್ರೀಡಾಧಿಕಾರಿ ಜಿ. ಡಿ. ಸೋಂಧಿಯವರು ಟೀಕಿಸಿದ್ದರಿಂದ ಜಕಾರ್ತದ ಜನರು ನಮ್ಮವರ ಮೇಲೆ ಕೆರಳಿದ್ದರು.

ಇಂತಹ ಇಕ್ಕಟ್ಟಿನಲ್ಲಿ ರಹೀಂ ಕೈಗೊಂಡ ನಿರ್ಧಾರವು ದಿಟ್ಟತನದ್ದು. ತಲೆಗೆ ಗಾಯವಾಗಿದ್ದ ಜರ್ನೈಲರನ್ನು ರಕ್ಷಣೆಯಿಂದ ತೆಗೆದು ಮುಂಪಂಕ್ತಿಯ ನಡುವೆ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮಿನ ವಿರುದ್ಧ ಉಪಾಂತ್ಯವನ್ನು 3-2ರಿಂದ ಗೆದ್ದಾಗ ಆ ಮೂರರಲ್ಲಿ ಒಂದು ಜರ್ನೈಲರದಾಗಿತ್ತು. ಅಂತಿಮ ಪಂದ್ಯಕ್ಕೆ ಮತ್ತೆ ದಕ್ಷಿಣ ಕೊರಿಯವೇ ಎದುರಾಳಿ. ಕಾಯಿಲೆಯಿಂದ ಹಿಂದಿನ ಪಂದ್ಯ ಬಿಟ್ಟಿದ್ದ ಎತ್ತರದ ತಂಗರಾಜರನ್ನು ಗೋಲಿನಲ್ಲಿ ನಿಲ್ಲಿಸಲಾಯಿತು. ಪಂದ್ಯದ ಮುನ್ನ ರಹೀಂ ತಮ್ಮ ಹುಡುಗರಿಂದ ಚಿನ್ನದ ಪದಕವೊಂದನ್ನೇ ಕಾಣಿಕೆಯಾಗಿ ಕೇಳಿದರೆಂದು ಆಟಗಾರರು ಮುಂದೆ ನೆನೆದುಕೊಂಡಿದ್ದಾರೆ.

ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಪ್ರೇಕ್ಷಕರ ಕೂಗಾಟದ ನಡುವೆ ಆಟ ಆರಂಭವಾಯಿತು. ಮೊದಲ ಇಪ್ಪತ್ತು ನಿಮಿಷಗಳಲ್ಲಿಯೇ ಪಿ. ಕೆ. ಬ್ಯಾನರ್ಜಿಯವರೂ ಜರ್ನೈಲರೂ ಒಂದೊಂದು ಗೋಲು ಹೊಡೆದರು. ಕೊರಿಯಕ್ಕೆ ಕೊನೆಯಲ್ಲಿ ದೊರೆತುದು ಒಂದೇ. ಭಾರತಕ್ಕೆ ಚಿನ್ನ ದಕ್ಕಿತು.

ಅದಾಗಿ ಒಂದು ವರ್ಷವೂ ಕಳೆಯಲಿಲ್ಲ. 1963ರ ಜೂನ್ 11ರಂದು, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ರಹೀಂ ಸಾಹೇಬರು ತೀರಿಕೊಂಡರು. 1970ರಲ್ಲಿ ಬ್ಯಾಂಕಾಕಿನಲ್ಲಿ ದೊರೆತ ಕಂಚನ್ನು ಬಿಟ್ಟರೆ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ಭಾರತಕ್ಕೆ ಮತ್ತೆ ಪದಕ ಬರಲಿಲ್ಲ. ಆ ಕಂಚಿನ ತಂಡಕ್ಕೆ ತರಬೇತಿ ನೀಡಿದವರಲ್ಲಿ ಒಬ್ಬರು, ಜಕಾರ್ತದಲ್ಲಿ ಮೊದಲ ಗೋಲನ್ನು ಹೊಡೆದ ಪಿ. ಕೆ. ಬ್ಯಾನರ್ಜಿ.