ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್

ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಅಲಿ ಅಸ್ಕರ್ ಯಾರೆಂದು ತರಗತಿಯಲ್ಲಿ ಕೇಳಿದರೆ ಉತ್ತರ ಬರುವುದು ಅಪರೂಪ. ಅವರು 19ನೇ ಶತಮಾನದ ಮೊದಲರ್ಧದಲ್ಲಿ ಇರಾನಿನ ಶಿರಾಜ್‌ನಿಂದ ಬಂದು ಇಲ್ಲಿ ನೆಲೆಸಿದ ಕುದುರೆ ವ್ಯಾಪಾರಿ. ಅವರ ಮೊಮ್ಮಗನೇ ಸರ್ ಮಿರ್ಜಾ ಇಸ್ಮಾಯಿಲ್.

1883ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಜನಿಸಿದ ಮಿರ್ಜಾ, ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆಯಲ್ಲೇ ಪಾಠ ಕಲಿತವರು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು ಪೊಲೀಸ್ ಇಲಾಖೆ ಸೇರಿದರು. ನಂತರ ಮಹಾರಾಜರ ಕಾರ್ಯದರ್ಶಿಯಾದರು. 1926ರಲ್ಲಿ ಮೈಸೂರಿನ ದಿವಾನರಾಗಿ 1941ರವರೆಗೆ, ಸುಮಾರು 15 ವರ್ಷ, ಆ ಹುದ್ದೆಯಲ್ಲಿದ್ದರು. ಬೃಂದಾವನ ಉದ್ಯಾನ, ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ಪುರಭವನ, ಎಲ್ಲವೂ ಆ ಅವಧಿಯವು. ಇವು ಪಠ್ಯಪುಸ್ತಕದಲ್ಲೂ ಸಿಗುತ್ತವೆ. ಅವರು ಎದುರಿಸಿದ ಕಷ್ಟಗಳು ಅಷ್ಟಾಗಿ ಸಿಗುವುದಿಲ್ಲ.

1928ರಲ್ಲಿ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಗಣಪತಿ ವಿಗ್ರಹದ ವಿಚಾರವಾಗಿ ಬೆಂಗಳೂರಿನಲ್ಲಿ ದೊಡ್ಡ ಗಲಭೆಯಾಯಿತು. ದಿವಾನರು ಮುಸಲ್ಮಾನರೆಂಬ ಕಾರಣಕ್ಕೆ ಸಂಶಯ ಇನ್ನಷ್ಟು ಬೆಳೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು; ಅದರ ವರದಿ ಸರ್ಕಾರಕ್ಕೆ ಹಿತವಾಗಿರಲಿಲ್ಲ. ಆದರೂ ಮಹಾರಾಜರು ದಿವಾನರನ್ನು ಕೈಬಿಡಲಿಲ್ಲ. ಮುಂದೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ದಕ್ಷಿಣದ ಸಂಸ್ಥಾನಗಳ ಪರವಾಗಿ ಮಾತನಾಡಿದವರೂ ಅವರೇ.

ಅದಕ್ಕಿಂತ ಕಠಿಣವಾದದ್ದು 1938. ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಆಡಳಿತದ ಮುಖ್ಯಸ್ಥರಾದ ಮಿರ್ಜಾ ಈ ಹೊಣೆಯಿಂದ ತಪ್ಪಿಸಿಕೊಳ್ಳಲಾರರು ಎಂಬುದು ನನ್ನ ಅಭಿಪ್ರಾಯ. ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮಿರ್ಜಾ ಹಠ ಹಿಡಿಯದೆ ಮಾತುಕತೆಗೆ ಕುಳಿತರು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಅವಕಾಶವಾಯಿತು. ಇದೇ ಪಟೇಲ್-ಮಿರ್ಜಾ ಒಪ್ಪಂದ.

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮರುವರ್ಷವೇ ಮಿರ್ಜಾ ರಾಜೀನಾಮೆ ನೀಡಿದರು. 1942ರಿಂದ 1946ರವರೆಗೆ ಜಯಪುರದ ದಿವಾನರಾಗಿದ್ದರು. ಆ ಊರಿನ ಎಂ.ಐ. ರಸ್ತೆ ಅವರದೇ ಹೆಸರು. ಬಳಿಕ ಹೈದರಾಬಾದ್. ದೇಶ ವಿಭಜನೆಯನ್ನು ಒಪ್ಪದ ಮಿರ್ಜಾ ಅಲ್ಲಿಗೆ ಬರುವುದು ಜಿನ್ನಾ ಅವರಿಗೆ ಇಷ್ಟವಿರಲಿಲ್ಲ. ನಿಜಾಮರು ಭಾರತದೊಂದಿಗೆ ಹೊಂದಿಕೊಳ್ಳಬೇಕೆಂಬುದು ಅವರ ನಿಲುವು. ಇತ್ತೆಹಾದ್ ಪಕ್ಷದ ವಿರೋಧದ ನಡುವೆ ಅದು ನಡೆಯಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ಹುದ್ದೆ ಬಿಟ್ಟು ಹೊರಟರು. ಮುಂದಿನ ವರ್ಷ ಹೈದರಾಬಾದಿನಲ್ಲಿ ನಡೆದ ಸೈನಿಕ ಕಾರ್ಯಾಚರಣೆ ಎಲ್ಲರಿಗೂ ತಿಳಿದದ್ದೇ.

ಸ್ವಾತಂತ್ರ್ಯಾನಂತರ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೋನೇಷ್ಯಾದಲ್ಲಿ ಸೇವೆ ಸಲ್ಲಿಸಿದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು, ಹುಟ್ಟಿದ ಊರಾದ ಬೆಂಗಳೂರಿನಲ್ಲೇ ನಿಧನರಾದರು.