ಗದುಗಿನ ಗವಾಯಿ: ಸಂಚಾರಿ ಪಾಠಶಾಲೆಯಿಂದ ಬೆಳ್ಳಿತೆರೆಯವರೆಗೆ

ಗದಗ: ಕಣ್ಣಿಲ್ಲದ ಬಡ ಬಾಲಕನಿಗೆ ಭಿಕ್ಷೆಯೊಂದೇ ಗತಿ ಎಂದು ಸಮಾಜ ನಂಬಿದ್ದ ಕಾಲದಲ್ಲಿ, ಅಂಥ ಮಕ್ಕಳ ಕೈಗೆ ತಂಬೂರಿ ಕೊಟ್ಟವರು ಪಂಚಾಕ್ಷರ ಗವಾಯಿಗಳು. ಗದಗ-ಬೆಟಗೇರಿಯ ವೀರೇಶ್ವರ ಪುಣ್ಯಾಶ್ರಮ ಅವರ ಬದುಕಿನ ದುಡಿಮೆ.

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರುವರಿ 2ರಂದು ಅವರ ಜನನ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ; ಇಟ್ಟ ಹೆಸರು ಗದಿಗೆಯ್ಯ. ಹುಟ್ಟುಕುರುಡನಾದ ಹುಡುಗನ ಕಂಠವನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಬಳಿಕ ನೀಲಕಂಠಬುವಾ ಮಿರಜಕರ ಹಾಗೂ ಉಸ್ತಾದ್ ವಹೀದ್ ಖಾನರಲ್ಲಿ ಹಿಂದುಸ್ತಾನಿ ಶಿಕ್ಷಣ ದೊರೆಯಿತು. ಎರಡೂ ಪದ್ಧತಿಗಳಲ್ಲಿ ಸಮಾನ ಪ್ರಭುತ್ವ ಪಡೆದವರು ಆಗಲೂ ವಿರಳ, ಈಗಲೂ ವಿರಳ.

ಇಂಥ ವಿದ್ವಾಂಸರು ಕಛೇರಿಗಳಿಂದಲೇ ಸುಖವಾಗಿ ಬಾಳಬಹುದಿತ್ತು. ಗವಾಯಿಗಳು ಆಯ್ದುಕೊಂಡದ್ದು ಸಂಚಾರಿ ಪಾಠಶಾಲೆಯನ್ನು. ಅಂಧರು, ಅನಾಥರು, ಬಡವರ ಮಕ್ಕಳು ಅವರೊಡನೆ ಊರಿಂದೂರಿಗೆ ನಡೆದರು. ಜಾತ್ರೆ ನಡೆದಲ್ಲಿ, ಪುರಾಣ ಏರ್ಪಟ್ಟಲ್ಲಿ, ಮಠ ಕರೆದಲ್ಲಿ ಬಿಡಾರ. ಬೆಳಗಿನ ಜಾವ ಸ್ವರಾಭ್ಯಾಸ, ರಾತ್ರಿ ಕೀರ್ತನೆ. ಭಕ್ತರು ಕೊಟ್ಟ ಜೋಳವೇ ಬೋಧನಾ ಶುಲ್ಕ. ಜೋಳ ಸಾಲದಾದಾಗ ಶಿಷ್ಯರನ್ನೇ ಕಟ್ಟಿಕೊಂಡು ನಾಟಕ ಆಡಿಸಿದರು. ವೃತ್ತಿರಂಗಭೂಮಿಯೆಂದರೆ ಮೂಗು ಮುರಿಯುವ ಸಂಗೀತಗಾರರಿಗೇನೂ ಕೊರತೆಯಿರಲಿಲ್ಲ. ಆದರೆ ಹಸಿದ ಮಕ್ಕಳಿಗೆ ಅನ್ನ ಹಾಕಬೇಕಾದ ಗುರುವಿಗೆ ಆ ಬಿಗುಮಾನ ಹೇಗೆ ಒಗ್ಗೀತು?

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಆಗ ಮರಾಠಿಯ ಪ್ರಾಬಲ್ಯವಿತ್ತು. ಹಿಂದುಸ್ತಾನಿ ಗಾಯನದ ಚೀಜುಗಳೋ ಬ್ರಜಭಾಷೆಯವು. ಗವಾಯಿಗಳು ಅದೇ ರಾಗಗಳಲ್ಲಿ ಶರಣರ ವಚನಗಳನ್ನು ಹಾಡಿದರು, ಹಾಡಿಸಿದರು. ಉತ್ತರದ ಸಂಗೀತ ಕನ್ನಡಿಗರಿಗೆ ತಮ್ಮದೇ ಎನಿಸಿದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರ ಗರಡಿಯಲ್ಲೇ ಬೆಳೆದವರು.

ಕೊನೆಗೆ ಬಸರಿಗಿಡದ ವೀರಪ್ಪನವರ ನೆರವಿನಿಂದ ಪಾಠಶಾಲೆ ಗದುಗಿನಲ್ಲಿ ನೆಲೆ ನಿಂತಿತು. ಆ ನೆಮ್ಮದಿಯನ್ನು ಗುರುಗಳು ಹೆಚ್ಚು ದಿನ ಕಾಣಲಿಲ್ಲ. 1944ರ ಜೂನ್ 11ರಂದು, 52ನೇ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಹೊಣೆ ಬಿದ್ದದ್ದು ಮೂವತ್ತು ವರ್ಷದ, ಅವರಂತೆಯೇ ದೃಷ್ಟಿಹೀನರಾದ ಶಿಷ್ಯ ಪುಟ್ಟರಾಜರ ಮೇಲೆ. 2010ರ ಸೆಪ್ಟೆಂಬರ್ 17ರಂದು ನಿಧನರಾಗುವವರೆಗೂ ಪುಟ್ಟರಾಜರು ಅದನ್ನು ಹೊತ್ತರು. ಗುರುವಿನಂತೆ ನಾಟಕ ಕಂಪನಿಯನ್ನೂ ನಡೆಸಿದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಪುರಾಣ-ಪ್ರವಚನವೆಂದರೆ ಹಾರ್ಮೋನಿಯಂ, ತಬಲಾ ಹಿಡಿದು ಬರುವವರು ಆಶ್ರಮದಲ್ಲಿ ಕಲಿತವರೇ ಎಂಬಷ್ಟು ಆ ಪರಂಪರೆ ಹಬ್ಬಿದೆ.

ಗವಾಯಿಗಳ ಬದುಕನ್ನು ತೆರೆಗೆ ತಂದವರೂ ರಂಗಭೂಮಿಯವರೇ. ದಾವಣಗೆರೆಯ ಚಿಂದೋಡಿ ಮನೆತನದ ಬಂಗಾರೇಶ್ ನಿರ್ದೇಶಿಸಿದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ 1995ನೇ ಸಾಲಿನ ಎರಡು ರಾಷ್ಟ್ರ ಪ್ರಶಸ್ತಿಗಳು ಸಂದವು: ಸಂಗೀತ ನಿರ್ದೇಶನಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಎರಡೂ ಕಿವಿಗೆ ಸಂಬಂಧಿಸಿದ ಗೌರವಗಳೇ.